ಮಂಗಳೂರು–ಉಡುಪಿಯಲ್ಲಿ ಮಿನಿಯೇಚರ್ ಸೇನೆ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ನಾವು ಆರೇಳು ಜನ ಭಾನುವಾರ ಸಂಜೆ ಯಾರಾದರೊಬ್ಬರ ಮನೆಯ ಊಟದ ಮೇಜಿನ ಸುತ್ತ ಸೇರುತ್ತೇವೆ. ಮೇಜಿನ ಮೇಲೆ ಹಸಿರು ಬಟ್ಟೆ, ಥರ್ಮಾಕೋಲಿನ ಗುಡ್ಡ, ಎರಡೂ ಬದಿಯಲ್ಲಿ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತರದ ಗೊಂಬೆ ಸೈನಿಕರು, ಅಂದರೆ ಮಿನಿಯೇಚರ್‌ಗಳು. ನೋಡಲು ಬಂದವರು ಒಂದನ್ನು ಎತ್ತಿ ಕಣ್ಣ ಹತ್ತಿರ ಹಿಡಿಯುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಅದೇ ಪ್ರಶ್ನೆ. ಹೊರದೇಶದವರು ಹೇಳಿಕೊಡುವ ಎಷ್ಟೋ ಕ್ರಮ ನಮ್ಮ ಕರಾವಳಿಯ ಹವೆಯಲ್ಲಿ ನಡೆಯುವುದೇ ಇಲ್ಲ. ಹಾಗಾಗಿ ನಮ್ಮ ಊರಿಗೆ ಹೊಂದುವ ಉತ್ತರಗಳನ್ನು ಒಂದೇ ಕಡೆ ಬರೆದಿದ್ದೇನೆ.

ಇದು ಎಂತ ಆಟ? ಮಕ್ಕಳದ್ದಾ, ದೊಡ್ಡವರದ್ದಾ?

ಇಬ್ಬರು ತಮ್ಮ ತಮ್ಮ ಪುಟ್ಟ ಸೇನೆ ಇಟ್ಟುಕೊಂಡು ಮೇಜಿನ ಮೇಲೆ ಆಡುವ ಯುದ್ಧದ ಆಟ. ಚದುರಂಗದ ಹಾಗೆ ಮನೆಗಳಿಲ್ಲ. ಟೇಪ್ ಹಿಡಿದು ಇಂಚಿನಲ್ಲಿ ಅಳೆದು ಸೈನಿಕರನ್ನು ಮುಂದೆ ಸರಿಸುತ್ತೇವೆ. ಏಟು ಬಿತ್ತಾ ಇಲ್ವಾ ಎಂದು ಡೈಸ್ ಹೇಳುತ್ತದೆ. ಸೈನಿಕರು ಮನುಷ್ಯರೇ ಆಗಬೇಕೆಂದಿಲ್ಲ. ಕುಬ್ಜರು, ಚೂಪು ಕಿವಿಯ ಎಲ್ಫ್‌ಗಳು, ಕೋರೆಹಲ್ಲಿನ ಓರ್ಕ್‌ಗಳು, ಎದ್ದು ಬಂದ ಅಸ್ಥಿಪಂಜರಗಳು, ರೆಕ್ಕೆಯ ಡ್ರ್ಯಾಗನ್, ಎಲ್ಲ ಉಂಟು.

ಈಗ ನಾವು ಆಡುವ ರೀತಿಯ ಫ್ಯಾಂಟಸಿ ಯುದ್ಧದಾಟ ಹೆಚ್ಚು ಬೆಳೆದದ್ದು ಬ್ರಿಟನ್ನಿನಲ್ಲಿ. ಗೇಮ್ಸ್ ವರ್ಕ್‌ಶಾಪ್ ಕಂಪನಿ ಲಂಡನ್ನಿನಲ್ಲಿ ಶುರುವಾದದ್ದು 1975ರಲ್ಲಿ. ಅವರ ಯುದ್ಧದಾಟ ವಾರ್‌ಹ್ಯಾಮರ್ ಬಂದದ್ದು 1983ರಲ್ಲಿ, ಅದರ ಬಾಹ್ಯಾಕಾಶದ ತಮ್ಮ ವಾರ್‌ಹ್ಯಾಮರ್ 40,000 ಬಂದದ್ದು 1987ರಲ್ಲಿ. ಕಿಂಗ್ಸ್ ಆಫ್ ವಾರ್ ತರಹದ ಬೇರೆ ಆಟಗಳೂ ಇವೆ. ಒನ್ ಪೇಜ್ ರೂಲ್ಸ್‌ನವರ ಮೂಲ ನಿಯಮಗಳು ಉಚಿತವಾಗಿ ಸಿಗುತ್ತವೆ. ಯಾವ ಕಂಪನಿಯ ಗೊಂಬೆಯಾದರೂ ಅದರಲ್ಲಿ ನಡೆಯುತ್ತದೆ. ನಾವು ಹೊಸಬರಿಗೆ ಕಲಿಸುವುದು ಅದರಿಂದಲೇ.

ಹತ್ತು ಹನ್ನೆರಡು ವರ್ಷ ದಾಟಿದ ಮಕ್ಕಳು ಆರಾಮವಾಗಿ ಆಡಬಹುದು. ಆದರೆ ಬ್ಲೇಡ್ ಮತ್ತು ಸೂಪರ್ ಗ್ಲೂ ದೊಡ್ಡವರ ಕೈಯಲ್ಲೇ ಇರಲಿ. ತೆವಳುವ ಮಗು ಇರುವ ಮನೆಯಲ್ಲಿ ನೆಲಕ್ಕೆ ಬಿದ್ದ ಚೂರುಗಳನ್ನು ಅದೇ ದಿನ ಗುಡಿಸಿ.

ಶುರು ಮಾಡಲಿಕ್ಕೆ ಎಷ್ಟು ಗೊಂಬೆ ಬೇಕು?

ಹತ್ತು. ಅಷ್ಟೇ.

ಇದನ್ನು ನಾನು ಒತ್ತಿ ಹೇಳುತ್ತೇನೆ. ದೊಡ್ಡ ಯುದ್ಧಕ್ಕೆ ಅರವತ್ತು, ಎಂಬತ್ತು, ಕೆಲವೊಮ್ಮೆ ನೂರಕ್ಕೂ ಜಾಸ್ತಿ ಗೊಂಬೆ ಬೇಕಾಗುತ್ತದೆ. ಅದನ್ನು ನೋಡಿ ಹೊಸಬರು ಮೊದಲೇ ನಾಲ್ಕೈದು ಪೆಟ್ಟಿಗೆ ತರಿಸುತ್ತಾರೆ. ಬಣ್ಣ ಹಚ್ಚದ ಬೂದು ಪ್ಲಾಸ್ಟಿಕ್ ಗೊಂಬೆಗಳು ಕಪಾಟಿನಲ್ಲಿ ರಾಶಿ ಬೀಳುತ್ತವೆ. ಅದನ್ನು ನೋಡಿದಾಗೆಲ್ಲ ಮನಸ್ಸು ಭಾರವಾಗುತ್ತದೆ, ಬ್ರಷ್ ಮುಟ್ಟಲು ಮನಸ್ಸೇ ಬರುವುದಿಲ್ಲ. ನಮ್ಮ ಗುಂಪಿನಿಂದ ದೂರವಾದ ಇಬ್ಬರೂ ಹೀಗೇ ಬಿಟ್ಟವರು.

ಹತ್ತು ಗೊಂಬೆಯಲ್ಲಿ ಸಣ್ಣ ಕಾಳಗ ಆಡಬಹುದು. ಅದಕ್ಕೆ ಮನೆಯ ಕೇರಂ ಬೋರ್ಡಿನಷ್ಟು ಜಾಗ ಸಾಕು. ಆ ಹತ್ತಕ್ಕೂ ಬಣ್ಣ ಹಚ್ಚಿ, ಕಾಲಡಿಯ ಬಿಲ್ಲೆ ಅಂದರೆ ಬೇಸ್ ಮಾಡಿ, ಬಣ್ಣ ಕಾಯುವ ವಾರ್ನಿಷ್ ಹಾಕಿ, ಎರಡು ಆಟ ಆಡಿ. ಆಮೇಲೆ ಮುಂದಿನ ಹತ್ತು. ನನ್ನ ಕುಬ್ಜರ ಸೇನೆಯಲ್ಲಿ ಈಗ 74 ಮಂದಿ ಇದ್ದಾರೆ. ಒಮ್ಮೆಯೂ ಹತ್ತಕ್ಕಿಂತ ಜಾಸ್ತಿ ಬೂದು ಗೊಂಬೆ ನನ್ನ ಮೇಜಿನ ಮೇಲೆ ಇರಲಿಲ್ಲ.

ಯಾವ ಸೇನೆ ಆರಿಸಿಕೊಳ್ಳಲಿ? ಯಾವುದು ಬಲಶಾಲಿ?

ನೋಡಲು ನಿಮಗೆ ಯಾವುದು ಇಷ್ಟವೋ ಅದು. ಬಲ ನೋಡಿ ಆರಿಸಬೇಡಿ. ನಿಯಮಗಳು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ, ಇವತ್ತಿನ ಬಲಶಾಲಿ ನಾಳೆ ಸೊರಗುತ್ತಾನೆ. ಬಣ್ಣ ಹಚ್ಚುವಾಗ ತಿಂಗಳುಗಟ್ಟಲೆ ಅದೇ ಮುಖ, ಅದೇ ಕವಚ ನೋಡಬೇಕಲ್ವಾ? ಇಷ್ಟವಿಲ್ಲದಿದ್ದರೆ ಕೈ ಓಡುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. 2015ರಲ್ಲಿ ಹಳೆಯ ವಾರ್‌ಹ್ಯಾಮರ್ ಫ್ಯಾಂಟಸಿಯನ್ನು ಕಂಪನಿ ನಿಲ್ಲಿಸಿ, ಸೈನಿಕರು ಚದುರಿ ನಡೆಯುವ ಏಜ್ ಆಫ್ ಸಿಗ್ಮಾರ್ ಎಂಬ ಹೊಸ ಆಟ ತಂದಿತು. ಸಾಲಾಗಿ ನಿಲ್ಲುವ ಸೇನೆಗಳ ಕಾಲ ಮುಗಿಯಿತು ಎಂದು ತುಂಬ ಜನ ಬೇಸರಪಟ್ಟರು. ಆದರೆ 2024ರ ಜನವರಿಯಲ್ಲಿ ಅದೇ ಹಳೆಯ ಲೋಕ ದಿ ಓಲ್ಡ್ ವರ್ಲ್ಡ್ ಹೆಸರಿನಲ್ಲಿ ವಾಪಸ್ ಬಂತು. ಪ್ರೀತಿಯಿಂದ ಬಣ್ಣ ಹಚ್ಚಿದವರು ಎಂಟೊಂಬತ್ತು ವರ್ಷ ತಮ್ಮ ಸೇನೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಅವರು ಪೆಟ್ಟಿಗೆ ತೆರೆದು ನೇರ ಆಟಕ್ಕೆ ಇಳಿದರು.

ಬೇಸ್ ಚೌಕದ್ದಾ, ದುಂಡಗಿನದ್ದಾ?

ಸಾಲುಕಟ್ಟಿ ನಡೆಯುವ ಆಟಕ್ಕೆ ಚೌಕ, ಚದುರಿ ನಡೆಯುವ ಆಟಕ್ಕೆ ದುಂಡು. ಎರಡೂ ಆಡುವ ಆಸೆ ಇದ್ದರೆ ದುಂಡು ಬೇಸ್ ಹಾಕಿ. ರಟ್ಟಿನಲ್ಲಿ ದುಂಡಗಿನ ಗುಳಿ ಕೊರೆದ ಟ್ರೇ ಮಾಡಿಕೊಂಡರೆ ಅದರಲ್ಲೇ ಸಾಲಾಗಿ ನಿಲ್ಲಿಸಬಹುದು.

ಇಲ್ಲಿ ಎಲ್ಲಿ ಸಿಗುತ್ತದೆ?

ಗೊಂಬೆಗಳನ್ನು ನಾವೆಲ್ಲ ಆನ್‌ಲೈನಿನಲ್ಲೇ ತರಿಸುವುದು. ಮೊದಲು ಭಾರತದ ಒಳಗಿನ ಮಾರಾಟಗಾರರ ಹತ್ತಿರ ನೋಡಿ. ಹೊರದೇಶದಿಂದ ತರಿಸಿದರೆ ಗೊಂಬೆಯ ಬೆಲೆಯ ಮೇಲೆ ಸಾಗಣೆ, ಅದರ ಮೇಲೆ ಕಸ್ಟಮ್ಸ್ ಸುಂಕ ಬೀಳುತ್ತದೆ. ಆರ್ಡರ್ ಮಾಡುವ ಮೊದಲೇ ಆ ಲೆಕ್ಕ ಹಾಕಿ. ಸ್ಪ್ರೇ ಕ್ಯಾನುಗಳನ್ನು ವಿಮಾನದಲ್ಲಿ ಸಾಮಾನ್ಯ ಪಾರ್ಸೆಲ್ ಹಾಗೆ ಕಳಿಸುವುದಿಲ್ಲ, ಅದನ್ನು ಇಲ್ಲೇ ಕೊಳ್ಳಬೇಕು. ಒಮ್ಮೆ ನನಗೆ ಬಂದ ಪಾರ್ಸೆಲ್ಲಿನಲ್ಲಿ ಬರೀ ಕವರ್ ಇತ್ತು, ಡಬ್ಬ ಇರಲಿಲ್ಲ. ಹನ್ನೆರಡು ಈಟಿಗಳಲ್ಲಿ ಒಂಬತ್ತು ಮುರಿದಿದ್ದವು. ಅಂದಿನಿಂದ ಪ್ಯಾಕಿಂಗ್ ಹೇಗೆ ಎಂದು ಕೇಳದೆ ನಾನು ಹಣ ಕಳಿಸುವುದಿಲ್ಲ.

ಉಳಿದದ್ದೆಲ್ಲ ಊರಿನಲ್ಲೇ ಉಂಟು. ಹಂಪನಕಟ್ಟೆ ಸುತ್ತಿನ ಸ್ಟೇಷನರಿ ಅಂಗಡಿಗಳಲ್ಲಿ ಬಣ್ಣ, ಬ್ರಷ್. ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎಂ-ಸೀಲ್, ಎಮರಿ ಪೇಪರ್, ಸ್ಪ್ರೇ. ಉಡುಪಿ, ಮಣಿಪಾಲದವರಿಗೆ ಕಾಲೇಜು ಸುತ್ತಿನ ಅಂಗಡಿಗಳಲ್ಲಿ ಕಲೆಯ ಸಾಮಾನು ಚೆನ್ನಾಗಿಯೇ ಸಿಗುತ್ತದೆ.

ಅಸಲಿ ಗೊಂಬೆಯಿಂದ ಅಚ್ಚು ತೆಗೆದು ಮಾಡಿದ ನಕಲಿಗಳನ್ನು ಅಗ್ಗಕ್ಕೆ ಮಾರುವವರಿದ್ದಾರೆ. ಅದನ್ನು ಕೊಳ್ಳಬೇಡಿ. ಆ ಮುಖ, ಆ ಮಡಿಕೆ ಕೆತ್ತಿದವರ ದುಡಿಮೆ ಅದು. ಅಗ್ಗದ್ದೇ ಬೇಕೆಂದರೆ ಗೊಂಬೆಯ ಕಂಪ್ಯೂಟರ್ ಫೈಲನ್ನು ಹಣ ಕೊಟ್ಟು ಕೊಂಡು 3ಡಿ ಪ್ರಿಂಟ್ ಮಾಡಿಸಿ.

3ಡಿ ಪ್ರಿಂಟ್ ಮಾಡಿದ ರೆಸಿನ್ ಗೊಂಬೆ ಒಳ್ಳೆಯದಾ?

ಒಳ್ಳೆಯದೇ, ವಿವರ ತುಂಬ ಚೂಪಾಗಿ ಬರುತ್ತದೆ. ಇಲ್ಲಿ ರೆಸಿನ್ ಎಂದರೆ ಯುವಿ ಬೆಳಕಿಗೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್. ಆದರೆ ಸರಿಯಾಗಿ ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಕೆಟ್ಟದ್ದು. ಮನೆಯಲ್ಲಿ ಪ್ರಿಂಟ್ ಮಾಡುವುದಾದರೆ ನೈಟ್ರೈಲ್ ಗ್ಲೌಸ್ ಹಾಕಿ, ಗಾಳಿ ಆಡುವ ಕೋಣೆಯಲ್ಲಿ ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ಯುವಿ ಬೆಳಕಿನಲ್ಲಿ ಗಟ್ಟಿ ಮಾಡಿ. ತೊಳೆದ ದ್ರವವನ್ನು ಸಿಂಕಿಗೆ ಚೆಲ್ಲಬೇಡಿ. ಬೇರೆಯವರಿಂದ ಮಾಡಿಸಿ ತಂದದ್ದು ಮುಟ್ಟಿದರೆ ಅಂಟಂಟು ಎನಿಸಿದರೆ ಅದು ಇನ್ನೂ ಪಕ್ವವಾಗಿಲ್ಲ ಎಂದೇ ಅರ್ಥ. ಉಜ್ಜಿ ಸಮ ಮಾಡುವಾಗ ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಅದರ ಧೂಳು ಒಳಗೆ ಹೋಗಬಾರದು.

ಯಾವ ಅಂಟು?

ಗಟ್ಟಿ ಪ್ಲಾಸ್ಟಿಕ್ ಗೊಂಬೆಗೆ ಪ್ಲಾಸ್ಟಿಕ್ ಸಿಮೆಂಟ್. ಅದು ಎರಡೂ ತುಂಡನ್ನು ಸ್ವಲ್ಪ ಕರಗಿಸಿ ಒಂದಾಗಿಸುತ್ತದೆ. ರೆಸಿನ್ ಮತ್ತು ಲೋಹಕ್ಕೆ ಅದು ಹಿಡಿಯುವುದಿಲ್ಲ, ಫೆವಿಕ್ವಿಕ್ ತರಹದ ಸೂಪರ್ ಗ್ಲೂ ಬೇಕು.

ಸೂಪರ್ ಗ್ಲೂ ಗಟ್ಟಿಯಾಗುವುದು ಗಾಳಿಯ ತೇವದಿಂದ. ನಮ್ಮಲ್ಲಿ ತೇವಕ್ಕೆ ಬರವಿಲ್ಲ. ಹಾಗಾಗಿ ಅದು ಬೇಗ ಹಿಡಿಯುತ್ತದೆ, ತೆರೆದ ಟ್ಯೂಬ್ ಅಷ್ಟೇ ಬೇಗ ಒಳಗೇ ಕಲ್ಲಾಗುತ್ತದೆ. ಸಣ್ಣ ಟ್ಯೂಬ್‌ಗಳನ್ನೇ ಕೊಳ್ಳಿ. ತೆರೆದದ್ದನ್ನು ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಜಾಸ್ತಿ ಹಾಕಿದರೆ ಜೋಡಿಸಿದ ಜಾಗದ ಸುತ್ತ ಬಿಳಿ ಹೊಗೆಯಂಥ ಕಲೆ ಕೂರುತ್ತದೆ. ಸೂಜಿ ತುದಿಯಲ್ಲಿ ಒಂದು ಹನಿ ಸಾಕು. ಸಂದು ತುಂಬಲಿಕ್ಕೆ ಎಂ-ಸೀಲ್ ನಡೆಯುತ್ತದೆ. ಒದ್ದೆ ಬೆರಳಿನಿಂದ ಸವರಿದರೆ ನುಣ್ಣಗಾಗುತ್ತದೆ.

ಫೆವಿಕ್ರಿಲ್, ಕ್ಯಾಮೆಲ್ ಬಣ್ಣ ಸಾಕಾಗುವುದಿಲ್ವಾ?

ಗುಡ್ಡ, ಕಲ್ಲು, ಬೇಸ್, ಮರದ ಹಿಡಿಕೆಗೆ ಧಾರಾಳ ಸಾಕು. ಮೊದಲ ಹತ್ತು ಗೊಂಬೆಗೂ ಸಾಕು, ನಾನು ಶುರು ಮಾಡಿದ್ದು ಅದರಲ್ಲೇ. ಆದರೆ ಮುಖಕ್ಕೆ, ಬಟ್ಟೆಯ ಅಂಚಿಗೆ ಬಂದಾಗ ವ್ಯತ್ಯಾಸ ಗೊತ್ತಾಗುತ್ತದೆ. ಮಿನಿಯೇಚರಿಗೆಂದೇ ಮಾಡಿದ ಬಣ್ಣದಲ್ಲಿ ಬಣ್ಣದ ಪುಡಿ ನುಣುಪಾಗಿ ಅರೆದಿರುತ್ತದೆ. ನೀರು ಬೆರೆಸಿ ತೆಳು ಮಾಡಿದರೂ ಚೆನ್ನಾಗಿ ಕೂರುತ್ತದೆ.

ಸ್ಪೇನಿನ ವಯೆಹೊ, ಡೆನ್ಮಾರ್ಕಿನ ಆರ್ಮಿ ಪೇಂಟರ್, ಗೇಮ್ಸ್ ವರ್ಕ್‌ಶಾಪಿನವರ ಸಿಟಡೆಲ್, ಮೂರೂ ಒಳ್ಳೆಯವೇ. ದೊಡ್ಡ ಸೆಟ್ ಬೇಡ. ಕಪ್ಪು, ಬಿಳಿ, ಗಾಢ ಕಂದು, ಓಕರ್ ಹಳದಿ, ಒಂದು ಕೆಂಪು, ಒಂದು ನೀಲಿ, ಒಂದು ಬೆಳ್ಳಿ, ಮತ್ತು ಕಂದು ವಾಶ್ ಒಂದು. ಎಂಟು ಬಾಟಲಿ. ಒಂದೇ ಒಂದು ದುಬಾರಿ ಬಾಟಲಿ ಕೊಳ್ಳುವುದಾದರೆ ಅದು ವಾಶ್ ಆಗಿರಲಿ. ವಾಶ್ ಎಂದರೆ ತುಂಬ ತೆಳುವಾದ ಗಾಢ ಬಣ್ಣ. ಹಚ್ಚಿದರೆ ಹರಿದು ಹೋಗಿ ಮಡಿಕೆ, ಸಂದುಗಳಲ್ಲಿ ನಿಂತು ನೆರಳು ಕೊಡುತ್ತದೆ.

ಬ್ರಷ್?

1ನೇ ನಂಬರಿನದು ಒಂದು, ಡ್ರೈಬ್ರಷ್‌ಗೆ, ಅಂದರೆ ಒಣ ಬ್ರಷ್‌ನಿಂದ ಸವರಲಿಕ್ಕೆ, ಹಳೆಯ ಮೇಕಪ್ ಬ್ರಷ್ ಒಂದು. ತೀರಾ ಸಪೂರ ಬ್ರಷ್ ಬೇಕೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಸಪೂರ ಬ್ರಷ್‌ನಲ್ಲಿ ಬಣ್ಣ ನಿಲ್ಲುವುದಿಲ್ಲ, ಗೊಂಬೆಗೆ ಮುಟ್ಟಿಸುವ ಮೊದಲೇ ತುದಿಯಲ್ಲಿ ಒಣಗುತ್ತದೆ. ತುದಿ ಚೂಪಾಗಿರುವುದು ಮುಖ್ಯ. ಬಣ್ಣ ಲೋಹದ ಪಟ್ಟಿಯವರೆಗೆ ಏರಬಾರದು. ಕೆಲಸ ಮುಗಿದ ಮೇಲೆ ಮೈಸಾಬೂನಿನಲ್ಲಿ ಮೆತ್ತಗೆ ತೊಳೆದು, ಬೆರಳಿನಿಂದ ತುದಿ ಕೂಡಿಸಿ ಮಲಗಿಸಿ ಇಡಿ. ತುದಿ ಮಾಡಲಿಕ್ಕೆ ಬಾಯಿಗೆ ಹಾಕುವ ಅಭ್ಯಾಸ ಬೇಡ.

ಮಳೆಗಾಲದಲ್ಲಿ ಸ್ಪ್ರೇ ಮಾಡಬಹುದಾ?

ಬೇಡ. ಕರಾವಳಿಯವರು ಕೇಳಲೇಬೇಕಾದ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸ್ಪ್ರೇ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಅಡಿ ಕೋಟ್) ಮತ್ತು ಸ್ಪ್ರೇ ವಾರ್ನಿಷ್‌ನಲ್ಲಿರುವ ದ್ರಾವಕ ಗೊಂಬೆಯ ಮೇಲೆ ಬಿದ್ದ ಕೂಡಲೇ ಆವಿಯಾಗುತ್ತದೆ. ಆವಿಯಾಗುವಾಗ ಆ ಜಾಗ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಅದು ಆ ತಣ್ಣನೆಯ ಪದರದ ಮೇಲೆ ಇಬ್ಬನಿಯಂತೆ ಕೂತು ಒಳಗೇ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ನೋಡಿದರೆ ಗೊಂಬೆಯ ಮೇಲೆಲ್ಲ ಬಿಳಿ ಮಂಜು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು ನಮ್ಮದು. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ.

ನನಗೆ ಇದು ಗೊತ್ತಾದದ್ದು ಆಟಿ ತಿಂಗಳಲ್ಲಿ, ಜುಲೈ–ಆಗಸ್ಟಿನ ಸುರಿಮಳೆಯ ಕಾಲದಲ್ಲಿ. ಇಪ್ಪತ್ತು ಈಟಿಗಾರರನ್ನು ಮುಗಿಸಿದ್ದೆ. ಎರಡು ತಿಂಗಳ ಕೆಲಸ. ಅವತ್ತು ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಗಿತ್ತು. ಬಾಲ್ಕನಿಯಲ್ಲಿ ಪೇಪರ್ ಹಾಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆದೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಕೆಂಪು ಅಂಗಿಗಳೆಲ್ಲ ಬೂದಿ ಎರಚಿದ ಹಾಗೆ. ಬೆರಳಿನಿಂದ ಉಜ್ಜಿದೆ, ಹೋಗಲಿಲ್ಲ. ಅಮ್ಮ ಅಡುಗೆಮನೆಯಿಂದ ಬಂದು ನೋಡಿ, "ಅಲ್ಲ ಮಗಾ, ಆಟಿಯಲ್ಲಿ ಯಾರಾದರೂ ಹಪ್ಪಳ ಒಣಗಿಸ್ತಾರಾ?" ಎಂದರು. ಇವತ್ತಿಗೂ ಸ್ಪ್ರೇ ಕ್ಯಾನ್ ಕೈಗೆತ್ತಿಕೊಂಡರೆ ನಾನು ಮೊದಲು ಕೇಳಿಕೊಳ್ಳುವುದು ಅದನ್ನೇ. ಇವತ್ತು ಹಪ್ಪಳ ಒಣಗುತ್ತದಾ? ಒಣಗುತ್ತದೆ ಎಂದಾದರೆ ಸ್ಪ್ರೇ ಮಾಡಬಹುದು.

ಆ ಈಟಿಗಾರರು ಪೂರ್ತಿ ಹಾಳಾಗಲಿಲ್ಲ. ಬ್ರಷ್‌ನಲ್ಲಿ ಹೊಳಪಿನ (ಗ್ಲಾಸಿ) ವಾರ್ನಿಷ್ ಒಂದು ತೆಳು ಕೋಟ್ ಹಚ್ಚಿದಾಗ ಮಂಜು ಬಹುಪಾಲು ಮಾಯವಾಗಿ ಬಣ್ಣ ವಾಪಸ್ ಬಂತು. ಅದರ ಮೇಲೆ ಬ್ರಷ್‌ನಲ್ಲೇ ಮ್ಯಾಟ್ ವಾರ್ನಿಷ್ ಹಚ್ಚಿದೆ. ನಿಮಗೂ ಹೀಗಾದರೆ ಗಾಬರಿಯಾಗಿ ಬಣ್ಣ ಕೀಳಲು ಹೋಗಬೇಡಿ. ಮೊದಲು ಒಂದು ಗೊಂಬೆಯ ಮೇಲೆ ಇದನ್ನು ಮಾಡಿ ನೋಡಿ.

ನಮ್ಮ ಕ್ರಮ ಈಗ ಹೀಗಿದೆ. ನವರಾತ್ರಿ ಕಳೆದು ಮಳೆ ಪೂರ್ತಿ ಹಿಂದೆ ಸರಿದ ಮೇಲೆ, ಡಿಸೆಂಬರಿನಿಂದ ಫೆಬ್ರುವರಿವರೆಗೆ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರ ಒಳಗೆ ವರ್ಷದ ಸ್ಪ್ರೇ ಕೆಲಸ ಎಲ್ಲ ಮುಗಿಸುತ್ತೇವೆ. ಮುಂದಿನ ಮಳೆಗಾಲಕ್ಕೆ ಬೇಕಾದ ಗೊಂಬೆಗಳಿಗೂ ಆಗಲೇ ಪ್ರೈಮರ್ ಹೊಡೆದಿಡುತ್ತೇವೆ. ಹಲಸಿನ ಹಪ್ಪಳ ಮಾಡಿ ಮಳೆಗಾಲಕ್ಕೆ ಎತ್ತಿಡುವುದಿಲ್ವಾ, ಹಾಗೆ. ಏಪ್ರಿಲ್, ಮೇ ಸೆಕೆಯಲ್ಲಿ ಇನ್ನೊಂದು ತೊಂದರೆ. ಬಣ್ಣ ಗಾಳಿಯಲ್ಲೇ ಒಣಗಿ ಗೊಂಬೆಯ ಮೇಲೆ ಮರಳಿನಂತೆ ಕೂರುತ್ತದೆ. ಒಂದು ಗೇಣಿನಷ್ಟು ದೂರದಿಂದ, ಸಣ್ಣ ಸಣ್ಣ ಬೀಸಿನಲ್ಲಿ ಹೊಡೆದರೆ ಅದು ಕಡಿಮೆ. ಮಳೆಗಾಲದಲ್ಲಿ ಅನಿವಾರ್ಯವಾದರೆ ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ಬಳಸಿ, ರಾತ್ರಿಯಿಡೀ ಒಣಗಲು ಬಿಡಿ.

ಬಣ್ಣ ಹಚ್ಚುವ ಕ್ರಮ ಹೇಗೆ?

ಹುಲಿವೇಷಕ್ಕೆ ಬಣ್ಣ ಹಾಕುವುದನ್ನು ನೀವು ಹತ್ತಿರದಿಂದ ನೋಡಿದ್ದರೆ ಅರ್ಧ ಪಾಠ ಆಗಿಹೋಗಿದೆ. ಉಡುಪಿಯಲ್ಲಿ ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ, ಮಂಗಳೂರಿನಲ್ಲಿ ದಸರಾಕ್ಕೆ, ಅದೇ ಕೆಲಸ. ಮೊದಲು ಮೈಗೆಲ್ಲ ಒಂದೇ ಬಣ್ಣ. ಅದು ಒಣಗುವವರೆಗೆ ವೇಷ ಹಾಕುವವರು ಕೋಲು ಹಿಡಿದು ನಿಂತೇ ಇರುತ್ತಾರೆ. ಒಣಗಿದ ಮೇಲೆ ಇನ್ನೊಂದು ಕೋಟ್. ಪಟ್ಟೆ ಬರುವುದು ಎಲ್ಲಕ್ಕಿಂತ ಕೊನೆಗೆ. ಅಡಿಯ ಬಣ್ಣ ಹಸಿ ಇರುವಾಗ ಪಟ್ಟೆ ಎಳೆದರೆ ಎರಡೂ ಕಲಸಿಹೋಗುತ್ತವೆ.

ಗೊಂಬೆಗೂ ಅಷ್ಟೇ. ಪ್ರೈಮರ್ ಆದ ಮೇಲೆ ಮೂಲ ಬಣ್ಣಗಳು: ಅಂಗಿಗೆ ಕೆಂಪು, ತೊಗಲಿಗೆ ಕಂದು, ಕವಚಕ್ಕೆ ಬೆಳ್ಳಿ. ಬಣ್ಣಕ್ಕೆ ಸ್ವಲ್ಪ ನೀರು ಬೆರೆಸಿ ತೆಳು ಹಾಲಿನ ಹದಕ್ಕೆ ತನ್ನಿ. ಒಂದು ದಪ್ಪ ಕೋಟಿಗಿಂತ ಎರಡು ತೆಳು ಕೋಟ್ ಯಾವತ್ತೂ ಮೇಲು. ಒಣಗಿದ ಮೇಲೆ ಎಲ್ಲದರ ಮೇಲೂ ಕಂದು ವಾಶ್. ಆಗ ಗೊಂಬೆ ಕೊಳಕಾಗಿ ಕಾಣುತ್ತದೆ, ಅಲ್ಲಿ ನಿಲ್ಲಿಸಬೇಡಿ. ವಾಶ್ ಪೂರ್ತಿ ಒಣಗಲಿ. ಮಳೆಗಾಲದಲ್ಲಿ ಅದಕ್ಕೇ ಒಂದೆರಡು ಗಂಟೆ ಹಿಡಿಯುತ್ತದೆ. ಆಮೇಲೆ ಮೊದಲಿನ ಅದೇ ಬಣ್ಣಗಳನ್ನು ಉಬ್ಬಿದ ಜಾಗಕ್ಕೆ ಮಾತ್ರ ಹಚ್ಚಿ. ಅಂಚುಗಳಿಗೆ ಇನ್ನೊಂದು ತಿಳಿ ಬಣ್ಣದ ಗೆರೆ. ರೋಮ, ಗಡ್ಡ, ಸರಪಳಿ ಕವಚಕ್ಕೆ ಡ್ರೈಬ್ರಷ್: ಬಣ್ಣವನ್ನು ಪೇಪರಿನ ಮೇಲೆ ಒರೆಸಿ ಹೆಚ್ಚುಕಡಿಮೆ ಖಾಲಿಯಾದ ಬ್ರಷ್‌ನಿಂದ ಮೆಲ್ಲಗೆ ಸವರುವುದು.

ಐದರ ಗುಂಪಿನಲ್ಲಿ ಮಾಡಿ. ಐದಕ್ಕೂ ಕೆಂಪು ಅಂಗಿ ಹಚ್ಚುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಹಿಡಿಯಲು ಖಾಲಿ ಔಷಧಿ ಬಾಟಲಿಗೆ ಡಬಲ್ ಟೇಪ್ ಹಾಕಿ ಗೊಂಬೆಯನ್ನು ಅಂಟಿಸಿ. ಫ್ಯಾನ್ ನೇರ ಮೇಜಿನ ಮೇಲೆ ಬೀಸದಿರಲಿ, ಬಣ್ಣ ತಟ್ಟೆಯಲ್ಲೇ ಒಣಗುತ್ತದೆ. ಪ್ಲಾಸ್ಟಿಕ್ ತಿಂಡಿ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ ಅದರ ಮೇಲೆ ಬೇಕಿಂಗ್ ಪೇಪರ್ ಇಟ್ಟರೆ, ಬಣ್ಣ ಬೇಗ ಒಣಗದ ವೆಟ್ ಪ್ಯಾಲೆಟ್ ಆಯಿತು. ನಮ್ಮ ಹವೆಯಲ್ಲಿ ಮೂರು ನಾಲ್ಕು ದಿನಕ್ಕೆ ಅದರಲ್ಲಿ ಬೂಸು ಬರುತ್ತದೆ. ಟಿಶ್ಯೂ ಬದಲಿಸುತ್ತಾ ಇರಿ.

ಕಣ್ಣು ಬಿಡಿಸಲು ಬರುವುದಿಲ್ಲ. ಎಷ್ಟು ಮಾಡಿದರೂ ಮುಖ ಕೆಡುತ್ತದೆ. ಏನು ಮಾಡಲಿ?

ಮೊದಲು ಗೊಂಬೆಯನ್ನು ಮೇಜಿನ ಮೇಲೆ ಇಡಿ. ಎದ್ದು ನಿಂತು ನೋಡಿ. ಕಣ್ಣು ಕಾಣುತ್ತದಾ?

ಯಕ್ಷಗಾನದ ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ದೀಪದ ಹತ್ತಿರ ಕೂತು ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಗಂಟೆಗಟ್ಟಲೆ ಮುಖಕ್ಕೆ ಬಣ್ಣ ಬರೆಯುತ್ತಾರೆ, ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಉಬ್ಬಿದ ಬಿಳಿ ಚುಟ್ಟಿ ಇಡುತ್ತಾರೆ. ಹತ್ತಿರದಿಂದ ಗೆರೆಗಳು ದಪ್ಪ, ಬಣ್ಣ ಕಣ್ಣಿಗೆ ಹೊಡೆಯುವಷ್ಟು ಗಾಢ. ಅದೇ ಮುಖ ರಂಗಸ್ಥಳಕ್ಕೆ ಬಂದಾಗ, ನಾವು ಕುರ್ಚಿಯಲ್ಲಿ ಕೂತು ನೋಡಿದಾಗ, ರಾಕ್ಷಸನೇ ಎದ್ದು ನಿಂತ ಹಾಗಿರುತ್ತದೆ. ಆ ಬಣ್ಣ ಬರೆದದ್ದು ಕುರ್ಚಿಯಲ್ಲಿ ಕೂತವರಿಗೆ. ನಮ್ಮ ಸೇನೆಯ ರಂಗಸ್ಥಳ ಮೇಜು. ನೋಡುವ ದೂರ ಎರಡು ಮೂರು ಅಡಿ. ಬಣ್ಣ ಹಚ್ಚಬೇಕಾದದ್ದು ಆ ದೂರಕ್ಕೆ.

ಹಾಗಾಗಿ ಸಾಲಿನ ಸೈನಿಕರಿಗೆ ನಾನು ಕಣ್ಣು ಬಿಡಿಸುವುದೇ ಇಲ್ಲ. ಕಣ್ಣಿನ ಗುಳಿಯಲ್ಲಿ ಗಾಢ ಕಂದು ವಾಶ್ ನಿಂತರೆ ಸಾಕು. ಮೂಗಿನ ತುದಿ, ಕೆನ್ನೆಯ ಮೂಳೆ, ಕೆಳದುಟಿ, ಗಲ್ಲಕ್ಕೆ ತಿಳಿ ಬಣ್ಣ ಮುಟ್ಟಿಸಿದರೆ ಮುಖ ತಾನೇ ಎದ್ದು ಬರುತ್ತದೆ. ನೆರಳು ಇನ್ನೂ ಗಾಢ, ಬೆಳಕು ಇನ್ನೂ ತಿಳಿ ಮಾಡಿ. ಕೈಯಲ್ಲಿ ಹಿಡಿದಾಗ ಸ್ವಲ್ಪ ಅತಿಯಾಯಿತು ಎನಿಸುವಷ್ಟು ಇದ್ದರೆ ಮೇಜಿನ ಮೇಲೆ ಸರಿ ಕಾಣುತ್ತದೆ.

ನಾಯಕನಿಗೆ ಮಾತ್ರ ಕಣ್ಣು ಬೇಕು. ಮೊದಲು ಇಡೀ ಗುಳಿಗೆ ಕಪ್ಪುಕಂದು. ಅದರ ಮೇಲೆ ಅಡ್ಡಕ್ಕೆ ಒಂದು ಸಣ್ಣ ಮಾಸಲು ಬಿಳಿ ಗೆರೆ, ಸುತ್ತ ಕಂದು ಅಂಚು ಉಳಿಯುವಂತೆ. ಅಚ್ಚ ಬಿಳಿ ಬೇಡ, ಬೆಚ್ಚಿಬಿದ್ದವರ ಹಾಗೆ ಕಾಣುತ್ತದೆ. ಆಮೇಲೆ ನಡುವೆ ಮೇಲಿಂದ ಕೆಳಗೆ ಒಂದು ಕಪ್ಪು ಗೆರೆ. ಚುಕ್ಕೆ ಇಡಲು ಹೋದರೆ ಎರಡು ಕಣ್ಣು ಎರಡು ಕಡೆ ನೋಡುತ್ತವೆ, ಗೆರೆ ಎಳೆದರೆ ಅಷ್ಟು ತಪ್ಪುವುದಿಲ್ಲ. ಕೊನೆಗೆ ಮೈಬಣ್ಣದಿಂದ ಮೇಲೆ ಕೆಳಗೆ ತಿದ್ದಿ ರೆಪ್ಪೆ ಮಾಡಿ. ಇದನ್ನು ಮಾಡುವಾಗ ಎರಡೂ ಮುಂಗೈ ಮೇಜಿನ ಅಂಚಿಗೆ ಒತ್ತಿರಲಿ, ಎರಡೂ ಅಂಗೈಯ ಬುಡ ಒಂದಕ್ಕೊಂದು ತಾಗಿರಲಿ. ಉಸಿರು ಅರ್ಧ ಬಿಟ್ಟು ನಿಲ್ಲಿಸಿದ ಆ ಕ್ಷಣದಲ್ಲಿ ಗೆರೆ ಎಳೆಯಿರಿ. ಕೆಟ್ಟರೆ ಕಪ್ಪುಕಂದು ಹಚ್ಚಿ ಮತ್ತೆ ಮಾಡಿ. ನನ್ನ ಕುಬ್ಜ ರಾಜನ ಎಡಗಣ್ಣಿಗೆ ಐದು ಸಲ ಬೇಕಾಯಿತು. ಐದನೇ ಸಲ ಅವನು ನನ್ನನ್ನೇ ನೋಡಿದ.

ನಮ್ಮಂಥ ಮೈಬಣ್ಣ ಹೇಗೆ ತರುವುದು?

ಪೆಟ್ಟಿಗೆ ಮೇಲಿನ ಚಿತ್ರದಲ್ಲಿ ಹೆಚ್ಚಾಗಿ ಬೆಳ್ಳಗಿನ ಮುಖಗಳೇ ಇರುತ್ತವೆ. ಹಾಗೇ ಮಾಡಬೇಕೆಂದು ಯಾರೂ ಹೇಳಿಲ್ಲ. ನನ್ನ ಸೇನೆಯಲ್ಲಿ ಮಲ್ಪೆ ದಕ್ಕೆಯಲ್ಲಿ ಕಾಣುವ ಎಲ್ಲ ಬಣ್ಣದ ಮುಖಗಳೂ ಉಂಟು.

ಗಾಢ ಕಂದು ಹಚ್ಚಿ. ಅದಕ್ಕೇ ಓಕರ್ ಹಳದಿ ಮತ್ತು ಒಂದು ಚೂರು ಕೆಂಪು ಬೆರೆಸಿ ಎರಡನೆಯ ಪದರ. ಇನ್ನೂ ಓಕರ್ ಬೆರೆಸಿ ಮೂರನೆಯದು. ಬಿಳಿ ಬೆರೆಸಬೇಡಿ. ಕಂದಿಗೆ ಬಿಳಿ ಬಿದ್ದರೆ ಸುಣ್ಣ ಬಳಿದ ಹಾಗೆ ಮಂಕಾಗುತ್ತದೆ. ಕೆಳದುಟಿಗೆ, ಗೆಣ್ಣುಗಳಿಗೆ ಸ್ವಲ್ಪ ನೇರಳೆ ಮಿಶ್ರಿತ ಕೆಂಪನ್ನು ತೆಳುವಾಗಿ ಹಚ್ಚಿದರೆ ಜೀವ ಬರುತ್ತದೆ.

ತುಳುನಾಡಿನ ಥೀಮಿನಲ್ಲಿ ಸೇನೆ ಮಾಡಬಹುದಾ?

ಮಾಡಿ, ತುಂಬ ಚೆಂದ ಬರುತ್ತದೆ. ನಮ್ಮಲ್ಲಿ ಒಬ್ಬರು ಮೃಗಮಾನವರ ಸೇನೆಗೆ ಹುಲಿವೇಷದ ಪಟ್ಟೆ ಹಾಕಿದ್ದಾರೆ. ಹತ್ತು ಗೊಂಬೆಯಲ್ಲಿ ಒಬ್ಬೊಬ್ಬನ ಪಟ್ಟೆ ಒಂದೊಂದು ತರಹ, ಒಬ್ಬ ಕಪ್ಪು ಹುಲಿ. ಓರ್ಕ್ ನಾಯಕನ ಕಿರೀಟಕ್ಕೆ ಎಂ-ಸೀಲ್‌ನಲ್ಲಿ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ ಆಕಾರ ಕೊಟ್ಟವರೂ ಇದ್ದಾರೆ. ನಮ್ಮ ಕಡೆಯ ಬಣ್ಣಗಳ ಜೋಡಣೆಯೇ ಫ್ಯಾಂಟಸಿಗೆ ಹೇಳಿ ಮಾಡಿಸಿದಂತಿದೆ: ಕೆಂಪು, ಕಪ್ಪು, ಹಳದಿ, ನಡುವೆ ಬಂಗಾರದ ಮಿಣುಕು.

ಒಂದು ಗೆರೆಯನ್ನು ಮಾತ್ರ ನಾನು ದಾಟುವುದಿಲ್ಲ. ಪಂಜುರ್ಲಿ, ಗುಳಿಗ ಮುಂತಾದ ದೈವಗಳನ್ನು ಆಟದ ಗೊಂಬೆ ಮಾಡುವುದಿಲ್ಲ. ಕೋಲ ನಡೆಯುವ ಮನೆಯಲ್ಲಿ ಬೆಳೆದವನು ನಾನು. ಡೈಸ್ ಹಾಕಿ ಸೋಲಿಸುವ, ಪಕ್ಕಕ್ಕೆ ಎತ್ತಿಡುವ ಜಾಗದಲ್ಲಿ ಅವನ್ನು ನಿಲ್ಲಿಸುವುದು ನನ್ನಿಂದಾಗದು. ನಮ್ಮ ಮೇಜಿನಲ್ಲಿ ಎಲ್ಲರೂ ಇದನ್ನು ಒಪ್ಪಿದ್ದಾರೆ.

ಬೇಸ್‌ಗೆ ಬೀಚಿನ ಮರಳು ನಡೆಯುತ್ತದಾ?

ತೊಳೆದರೆ ನಡೆಯುತ್ತದೆ. ಸಮುದ್ರದ ಮರಳಿನಲ್ಲಿ ಉಪ್ಪು ಇರುತ್ತದೆ, ಉಪ್ಪು ತೇವ ಎಳೆಯುತ್ತದೆ. ಹಾಗೇ ಅಂಟಿಸಿದರೆ ಫೆವಿಕಾಲ್ ಸರಿಯಾಗಿ ಒಣಗುವುದಿಲ್ಲ, ಮೇಲಿನ ಬಣ್ಣ ಬಿಳಿಚುತ್ತದೆ. ಒಂದು ಹಿಡಿ ಮರಳನ್ನು ನಾಲ್ಕೈದು ಸಲ ಸಿಹಿನೀರಿನಲ್ಲಿ ತೊಳೆದು ಬಾಣಲೆಯಲ್ಲಿ ಹುರಿದು ಜರಡಿ ಹಿಡಿಯಿರಿ. ವರ್ಷಕ್ಕೆ ಅಷ್ಟೇ ಸಾಕು.

ನನಗೆ ಇಷ್ಟವಾದ ಬೇಸ್ ಕೆಂಪುಕಲ್ಲಿನದು. ಮುರಕಲ್ಲಿನ ಪಾದೆ ನಮ್ಮೂರಿನದೇ ನೆಲ, ಬೇರೆ ಊರಿನವರ ಸೇನೆಯಲ್ಲಿ ಅದು ಕಾಣುವುದು ಅಪರೂಪ. ಮರಳಿಗೆ ಗಾಢ ಕಂದುಗೆಂಪು ಹಚ್ಚಿ, ಒಣಗಿದ ಮೇಲೆ ಇಟ್ಟಿಗೆ ಬಣ್ಣ, ಕೊನೆಗೆ ಕಿತ್ತಳೆ ಬೆರೆತ ಓಕರ್‌ನಲ್ಲಿ ಡ್ರೈಬ್ರಷ್. ಅಲ್ಲಲ್ಲಿ ಕಪ್ಪು ವಾಶ್ ಚುಕ್ಕೆ ಹಾಕಿದರೆ ಮಳೆಗೆ ಪಾಚಿಗಟ್ಟಿ ಒಣಗಿದ ಕಲ್ಲಿನ ಹಾಗೆ ಕಾಣುತ್ತದೆ. ಹುಲ್ಲಿಗೆ ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ, ಹಸಿರು ಹಚ್ಚಿ, ಫೆವಿಕಾಲ್ ಚುಕ್ಕೆಯಲ್ಲಿ ನೆಟ್ಟಗೆ ನಿಲ್ಲಿಸಿ. ಕೆಂಪು ನೆಲ, ಅದರ ಮೇಲೆ ಹಸಿರು ಹುಲ್ಲು. ಶ್ರಾವಣದ ಬಯಲು ಅದು.

ಗುಡ್ಡ, ಬಂಡೆ ಮನೆಯಲ್ಲೇ ಮಾಡುವುದು ಹೇಗೆ?

ಟಿವಿ, ಮಿಕ್ಸಿ ಪೆಟ್ಟಿಗೆಯ ಥರ್ಮಾಕೋಲ್ ಇಟ್ಟುಕೊಳ್ಳಿ. ಅದಕ್ಕೆ ನೇರ ಸ್ಪ್ರೇ ಹೊಡೆಯಬೇಡಿ, ದ್ರಾವಕ ತಾಗಿದ ಕೂಡಲೇ ಕರಗಿ ಗುಂಡಿ ಬೀಳುತ್ತದೆ. ಫೆವಿಕಾಲ್ ಮತ್ತು ಬಣ್ಣ ಕಲಸಿ ಬ್ರಷ್‌ನಲ್ಲಿ ದಪ್ಪಗೆ ಎರಡು ಸಲ ಬಳಿದರೆ ಗಟ್ಟಿ ಪದರ ಆಗುತ್ತದೆ.

ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳನ್ನು ಮೇಜಿನ ಮೇಲೆ ತರುವ ಉಪಾಯ ಒಂದು ಉಂಟು. ಸುಮಾರು 8.8 ಕೋಟಿ ವರ್ಷ ಹಿಂದೆ ಲಾವಾ ತಣಿಯುತ್ತಾ ಬಿರಿದು ಆದ ಕಂಬಗಳವು, ಹೆಚ್ಚಿನವಕ್ಕೆ ಆರು ಮುಖ. ನಮ್ಮ ಶಾಲೆಯ ಪೆನ್ಸಿಲ್‌ಗೂ ಆರು ಮುಖ. ಮೋಟು ಪೆನ್ಸಿಲ್‌ಗಳನ್ನು ಒಂದರಿಂದ ಮೂರು ಇಂಚಿನವರೆಗೆ ಬೇರೆ ಬೇರೆ ಉದ್ದಕ್ಕೆ ಗರಗಸದಲ್ಲಿ ಕೊಯ್ದು ಒತ್ತೊತ್ತಾಗಿ ನಿಲ್ಲಿಸಿ ಅಂಟಿಸಿ. ತಲೆಯಲ್ಲಿ ಕಾಣುವ ಸೀಸದ ಮೇಲೆ ಎಂ-ಸೀಲ್ ಸವರಿ. ಕಪ್ಪು ಹಚ್ಚಿ ಬೂದು ಡ್ರೈಬ್ರಷ್ ಮಾಡಿದರೆ ದೋಣಿಯಿಂದ ಕಂಡ ದ್ವೀಪವೇ. ದ್ವೀಪದಿಂದ ಕಲ್ಲು, ಚಿಪ್ಪು ಎತ್ತಿಕೊಂಡು ಬರಬೇಡಿ, ಅದು ರಕ್ಷಿತ ಜಾಗ.

ಸೇನೆಯನ್ನು ಎಲ್ಲಿ ಇಡಬೇಕು?

ಗೋಡೆಗೆ ತಾಗಿದ ಮರದ ಕಪಾಟು ಬೇಡ, ಮಳೆಗಾಲದಲ್ಲಿ ಬೂಸು ಬರುತ್ತದೆ. ಬೇಸ್ ಅಡಿಗೆ ಸಣ್ಣ ಅಯಸ್ಕಾಂತ ಅಂಟಿಸಿ ತಗಡಿನ ಬಿಸ್ಕತ್ ಡಬ್ಬಿಯಲ್ಲಿ ನಿಲ್ಲಿಸಿದರೆ ಬಸ್ಸಿನಲ್ಲಿ ಒಯ್ದರೂ ಬೀಳುವುದಿಲ್ಲ. ಅಡುಗೆಮನೆಯ ಸ್ಟೀಲ್ ಡಬ್ಬಿಗೆ ಅಯಸ್ಕಾಂತ ಹಿಡಿಯದೇ ಇರಬಹುದು, ಮೊದಲೇ ನೋಡಿಕೊಳ್ಳಿ. ತಗಡು ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಒಳಗೆ ಬಣ್ಣ ಬಳಿದು, ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬೂಸು ಬಂದೇ ಬಿಟ್ಟರೆ ಮೆತ್ತನೆ ಒಣ ಬ್ರಷ್‌ನಲ್ಲಿ ಕೊಡವಿ, ನೆರಳಿನಲ್ಲಿ ಗಾಳಿಗೆ ಇಡಿ.

ಹಳೆಯ ಬಣ್ಣ ತೆಗೆದು ಮತ್ತೆ ಹಚ್ಚಬಹುದಾ?

ಆಗುತ್ತದೆ. ಥಿನ್ನರ್ ಮುಟ್ಟಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಮತ್ತು ಲೋಹದ ಗೊಂಬೆಯನ್ನು ನೀರು ಬೆರೆಸದ ಡೆಟಾಲಿನಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಗ್ಲೌಸ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದರೆ ಅಕ್ರಿಲಿಕ್ ಬಣ್ಣ ಬಿಡುತ್ತದೆ. ಬಣ್ಣ ಪೂರ್ತಿ ಹೋಗುವವರೆಗೆ ನೀರು ತಾಗಿಸಬೇಡಿ. ನೀರು ಬಿದ್ದರೆ ಎದ್ದ ಬಣ್ಣ ಡಾಂಬರಿನ ಹಾಗೆ ಅಂಟಿಕೊಳ್ಳುತ್ತದೆ. ಹೊಸ ಡೆಟಾಲಿನಲ್ಲೇ ಒಮ್ಮೆ ಜಾಲಿಸಿ, ಆಮೇಲೆ ಸಾಬೂನು ನೀರು. ರೆಸಿನ್ ಗೊಂಬೆಯಾದರೆ ಮೊದಲು ಒಂದು ಚೂರಿನ ಮೇಲೆ ಪರೀಕ್ಷೆ ಮಾಡಿ.

ಆಡಲಿಕ್ಕೆ ಜನ ಇಲ್ಲ. ಒಬ್ಬನೇ ಬಣ್ಣ ಹಚ್ಚುತ್ತಾ ಕೂರುವುದಾ?

ಒಬ್ಬರೇ ಹಚ್ಚುವುದೂ ಒಳ್ಳೆಯದೇ. ಹೊರಗೆ ಧಾರಾಕಾರ ಮಳೆ, ಒಳಗೆ ಒಂದು ಲೋಟ ಚಾ, ದೀಪದ ಕೆಳಗೆ ಐದು ಪುಟ್ಟ ಮುಖ. ನನ್ನ ಎಷ್ಟೋ ಆಟಿಯ ಸಂಜೆಗಳು ಹಾಗೇ ಕಳೆದಿವೆ.

ಆಡುವ ಆಸೆ ಇದ್ದರೆ ಎದುರಾಳಿಗೆ ಕಾಯಬೇಡಿ. ಎರಡು ಸೇನೆ ನೀವೇ ಮಾಡಿ, ಹತ್ತು ಹತ್ತರದ್ದು. ಒಂದು ನಿಮ್ಮದು, ಇನ್ನೊಂದು ಬಂದವರಿಗೆ. ಹೊಸಬರಿಗೆ ಚೆನ್ನಾಗಿರುವ ಸೇನೆಯನ್ನೇ ಕೊಡಿ. ನಿಯಮದ ಪುಸ್ತಕ ಮೊದಲು ತೆರೆಯಬೇಡಿ. "ಇವನನ್ನು ಆರು ಇಂಚು ಮುಂದೆ ತನ್ನಿ, ಈಗ ಡೈಸ್ ಹಾಕಿ" ಎಂದು ಶುರು ಮಾಡಿ. ನಾನು ಹಾಗೆ ಮೊದಲು ಆಡಿಸಿದ್ದು ನನ್ನ ಭಾವನನ್ನು, ದೀಪಾವಳಿ ರಜೆಯಲ್ಲಿ ಕಲ್ಯಾಣಪುರದ ಅವರ ಮನೆಯ ಜಗಲಿಯಲ್ಲಿ. ಆಟ ಮುಗಿದ ಮೇಲೆ ಭಾವ ಗೆದ್ದ ಅಸ್ಥಿಪಂಜರದ ನಾಯಕನನ್ನು ಕೈಯಲ್ಲೇ ಹಿಡಿದುಕೊಂಡು, "ಇವನಿಗೆ ಈ ಕೆಂಪು ಹೇಗೆ ಹಚ್ಚಿದ್ದು ಮಾರಾಯ?" ಎಂದು ಕೇಳಿದರು. ಈಗ ಅವರ ಮನೆಯಲ್ಲಿ 40 ಅಸ್ಥಿಪಂಜರಗಳಿವೆ.